ನಮ್ಮ ಭಾವನವರ ಹುಣಿಸೆಬೀಜಗಳು

ಶಿವಮೊಗ್ಗದಿಂದ ಅಕ್ಕ ಬರುವ ಬಸ್ಸು ಮಲವಗೊಪ್ಪದ ಹತ್ತಿರ ಕೆಟ್ಟು ನಿಲ್ಲಬಹುದಿತ್ತು. ಕೆಡದೆ ಬಂದರೂ ಸೀಟು ಸಿಗದೆ, ಅಕ್ಕ ಕಡುಬಿನ ಬುಟ್ಟಿಯನ್ನು ಯಾರದೋ ಕಾಲ ಬುಡದಲ್ಲಿಟ್ಟು, ಆ ಯಾರೋ ಅದರ ಮೇಲೆಯೇ ಕುಳಿತುಬಿಡಬಹುದಿತ್ತು. ಹೊಳೆಹೊನ್ನೂರಿನಲ್ಲಿ ಇಳಿದ ಮೇಲೆ ಮಳೆ ಹೊಯ್ಯಬಹುದಿತ್ತು. ಮಳೆ ಇಲ್ಲದಿದ್ದರೆ ಬಿಸಿಲಿಗೆ ಅಕ್ಕನಿಗೆ ತಲೆ ಸುತ್ತಬಹುದಿತ್ತು. ಗದ್ದೆಯ ಬದುವಿನ ಮೇಲೆ ಹಾವು ಮಲಗಿರಬಹುದಿತ್ತು. ಅಕ್ಕ ಕಾಲುವೆಗೆ ಬೀಳಬಹುದಿತ್ತು, ಅವಳನ್ನು ಎತ್ತಲು ಹೋಗಿ ಈಜು ಬಾರದ ನಾನೂ ಬೀಳಬಹುದಿತ್ತು, ನಮ್ಮಿಬ್ಬರಲ್ಲಿ ಯಾರನ್ನು ಮೊದಲು ಎತ್ತಬೇಕೆಂದು ನಮ್ಮ ಭಾವ ದಡದ ಮೇಲೆ ಚೀಟಿ ಹಾಕುತ್ತಾ ನಿಲ್ಲಬಹುದಿತ್ತು!

ಇಷ್ಟನ್ನೂ ನಾನು ಭೂಮಿಹುಣ್ಣಿಮೆಯ ಹಿಂದಿನ ದಿನವೇ ಯೋಚಿಸಿ ಮುಗಿಸಿದ್ದೆ. ಭದ್ರಾವತಿಯ ಕಾರ್ಖಾನೆಯೊಂದರ ಆಫೀಸಿನಲ್ಲಿ ಗುಮಾಸ್ತಿಕೆ ನನ್ನ ಸಂಬಳದ ಕೆಲಸವಾದರೂ, ಹುಟ್ಟಾ ಕಸುಬು ಹೆದರುವುದು. ನಡುವಯಸ್ಸು ಬಂದಮೇಲಂತೂ ಅದರಲ್ಲಿ ಒಂದು ಬಗೆಯ ಪಾಂಡಿತ್ಯವೇ ಬಂದಿದೆ. ಬೇರೆಯವರು ಒಂದು ಕೆಲಸಕ್ಕೆ ಹೊರಟರೆ ಅದು ಹೇಗೆ ಆಗುತ್ತದೆ ಎಂದು ಯೋಚಿಸುತ್ತಾರೆ; ನಾನು ಅದು ಎಷ್ಟು ಬಗೆಯಲ್ಲಿ ಆಗದೆ ಹೋಗಬಹುದು ಎಂದು ಯೋಚಿಸುತ್ತೇನೆ. ಆ ದಿನ ಇವುಗಳಲ್ಲಿ ಒಂದೂ ಆಗಲಿಲ್ಲ. ಕೆಟ್ಟದ್ದು ಒಂದೇ ಒಂದು, ಅದೂ ತೀರ ಸಣ್ಣದು. ಆದರೆ ಅದನ್ನು ಹೇಳಬೇಕಾದರೆ ಮೊದಲು ನಮ್ಮ ಭಾವನವರ ವಿಷಯ ಹೇಳಬೇಕು.

ನಮ್ಮ ಭಾವ, ಅಂದರೆ ಅಕ್ಕನ ಗಂಡ, ಜೀವಮಾನದಲ್ಲಿ ಒಂದೇ ಒಂದು ತೀರ್ಮಾನವನ್ನೂ ತಾವಾಗಿ ತೆಗೆದುಕೊಂಡವರಲ್ಲ. ಹಾಗೆಂದು ಅವರನ್ನು ಅಂಜುಬುರುಕರೆಂದು ತಿಳಿಯಬೇಡಿ. ಆ ಪದವಿ ನಮ್ಮ ಕುಟುಂಬದಲ್ಲಿ ನನ್ನೊಬ್ಬನಿಗೇ ಮೀಸಲು. ಭಾವನವರದು ಸಿದ್ಧಾಂತ! ಅವರ ಕೋಟಿನ ಬಲ ಜೇಬಿನಲ್ಲಿ ಒಂದು ಬಟ್ಟೆಯ ಚೀಲ, ಚೀಲದಲ್ಲಿ ಹುಣಿಸೆಬೀಜಗಳು, ಒಂದೊಂದು ಬೀಜದ ಮೇಲೂ ಸುಣ್ಣದಲ್ಲಿ ಬರೆದ ಒಂದೊಂದು ಅಂಕಿ. ಏನನ್ನು ಕೇಳಿದರೂ ಕೈ ಜೇಬಿಗೆ ಹೋಗುತ್ತದೆ, ಕಣ್ಣು ಮುಚ್ಚಿಕೊಳ್ಳುತ್ತದೆ, ಒಂದು ಬೀಜ ಹೊರಗೆ ಬರುತ್ತದೆ. ಅದು ಹೇಳಿದ್ದೇ ಸರಿ.

ಇದು ಅವರಿಗೆ ಕೆಲಸದಿಂದ ಅಂಟಿದ್ದು. ವ್ಯವಸಾಯದ ಇಲಾಖೆಯಲ್ಲಿ ಅವರದು ಪ್ರಯೋಗದ ಗದ್ದೆಗಳನ್ನು ನೋಡಿಕೊಳ್ಳುವ ಕೆಲಸ. ಯಾವ ಭತ್ತಕ್ಕೆ ಎಷ್ಟು ನೀರು ಕಟ್ಟಿದರೆ ಒಳ್ಳೆಯದು, ಯಾವ ಗೊಬ್ಬರ ಹಾಕಿದರೆ ಎಷ್ಟು ಬರುತ್ತದೆ ಎಂಬುದನ್ನೆಲ್ಲ ಬೆಳೆದೇ ನೋಡಬೇಕು. “ಅದೇನು ಮಹಾ? ಈ ಕಡೆ ಇದು ಹಾಕಿ, ಆ ಕಡೆ ಅದು ಹಾಕಿದ್ರಾಯ್ತು” ಎಂದು ನಾನೊಮ್ಮೆ ಹೇಳಿ ಸಿಕ್ಕಿಬಿದ್ದೆ.

“ಇದನ್ನ ಯಾಕೆ ಈ ಕಡೆ?” ಅಂದರು ಭಾವ.

“ಯಾಕೆ ಅಂದ್ರೆ... ಸುಮ್ನೆ.”

“ಸುಮ್ನೆ ಅನ್ನೋದು ಪ್ರಪಂಚದಲ್ಲೇ ಇಲ್ಲ ಮಾರಾಯ! ನಿನ್ನ ಕೈ ಸುಮ್ನೆ ಹೋಗಲ್ಲ. ನೀರು ಚೆನ್ನಾಗಿ ಬರೋ ಕಡೆ, ಮಣ್ಣು ಕಪ್ಪಗಿರೋ ಕಡೆ, ನಿಂಗೆ ಇಷ್ಟವಾದ್ದನ್ನ ಇಡುತ್ತೆ. ಆಮೇಲೆ ಪೈರು ಎದ್ದು ನಿಂತ್ರೆ ಗೊಬ್ಬರ ಚೆನ್ನಾಗಿದೆ ಅಂತೀಯ. ಎದ್ದಿದ್ದು ಗೊಬ್ಬರದಿಂದ ಅಲ್ಲ, ನಿನ್ನ ಪ್ರೀತಿಯಿಂದ.”

“ಪ್ರೀತಿಯಿಂದ ಪೈರು ಎದ್ರೆ ತಪ್ಪೇನು ಭಾವ?”

“ತಪ್ಪಿಲ್ಲ. ಆದ್ರೆ ರೈತನಿಗೆ ಏನಂತ ಹೇಳ್ಲಿ? ಎಕರೆಗೆ ಇಷ್ಟು ಮೂಟೆ ಪ್ರೀತಿ ಹಾಕು ಅಂತ ಹೇಳ್ಲಾ?”

ಅದಕ್ಕೇ ಬೀಜ. ಮನುಷ್ಯನ ಕೈಗೆ ಪಕ್ಷಪಾತ ಉಂಟು, ಹುಣಿಸೆಬೀಜಕ್ಕೆ ಇಲ್ಲ. ಅದರಲ್ಲೂ ಅವರು ಒಂದು ಸುತ್ತು ಚೀಟಿಗೆ ತೃಪ್ತರಾಗುವವರಲ್ಲ. ಗದ್ದೆಯನ್ನು ಮೊದಲು ದೊಡ್ಡ ತಾಕುಗಳಾಗಿ ಮಾಡುತ್ತಾರೆ, ಒಂದೊಂದು ತಾಕಿನೊಳಗೂ ಸಣ್ಣ ಸಣ್ಣ ಮಡಿಗಳನ್ನು ಕಟ್ಟುತ್ತಾರೆ. ನೀರನ್ನು ಪುಟ್ಟ ಮಡಿಗೊಂದು ಥರ ನಿಲ್ಲಿಸಲು ಆಗುವುದಿಲ್ಲ, ಪಕ್ಕಕ್ಕೆ ಜಿನುಗುತ್ತದೆ. ಆದ್ದರಿಂದ ಯಾವ ತಾಕಿಗೆ ಎಷ್ಟು ನೀರು ಎಂದು ಒಂದು ಚೀಟಿ. ಗೊಬ್ಬರವನ್ನಾದರೆ ಮಡಿಮಡಿಗೂ ಬೇರೆ ಬೇರೆ ಹಾಕಬಹುದು; ಆದ್ದರಿಂದ ತಾಕಿನೊಳಗೆ ಯಾವ ಮಡಿಗೆ ಯಾವ ಗೊಬ್ಬರ ಎಂದು ಇನ್ನೊಂದು ಚೀಟಿ. ಪಕ್ಕದ ತಾಕಿಗೆ ಹೋದರೆ ಮತ್ತೆ ಹೊಸದಾಗಿ ಚೀಟಿ. ಒಂದರ ಚೀಟಿ ಇನ್ನೊಂದಕ್ಕೆ ನಡೆಯುವುದಿಲ್ಲ. “ದೊಡ್ಡದರೊಳಗೆ ಸಣ್ಣದು, ಸಣ್ಣದರೊಳಗೂ ನ್ಯಾಯ” ಎನ್ನುವಾಗ ಅವರ ಮುಖ ದೇವರ ಮುಂದೆ ನಿಂತವರ ಮುಖದ ಹಾಗಿರುತ್ತದೆ.

ಇಷ್ಟನ್ನು ಗದ್ದೆಯಲ್ಲೇ ಬಿಟ್ಟು ಮನೆಗೆ ಬಂದಿದ್ದರೆ ನನಗೆ ಬರೆಯಲು ಏನೂ ಇರುತ್ತಿರಲಿಲ್ಲ, ಅಕ್ಕನಿಗೆ ನೋಯಲೂ ಏನೂ ಇರುತ್ತಿರಲಿಲ್ಲ. ಆದರೆ ಅವರು ಅಕ್ಕನನ್ನು ಮನೆಗೆ ತಂದದ್ದೇ ಹುಣಿಸೆಬೀಜದಿಂದ!

ಮದುವೆಯ ವಯಸ್ಸಿನಲ್ಲಿ ಅವರ ಮನೆಗೆ ಮೂರು ಜಾತಕ ಬಂದಿದ್ದವಂತೆ. ಮೂರೂ ಕೂಡಿದವು, ಮೂರು ಮನೆಯವರೂ ಒಳ್ಳೆಯವರು. ಹಿರಿಯರು “ನಿನಗೆ ಯಾವುದು ಒಪ್ಪಿಗೆ ಹೇಳಪ್ಪ” ಎಂದರಂತೆ. ಆಗಿನ್ನೂ ಹೊಸದಾಗಿ ಇಲಾಖೆಗೆ ಸೇರಿ, ಹೊಸದಾಗಿ ಈ ವಿದ್ಯೆ ಕಲಿತಿದ್ದ ಹುಡುಗ ಒಳಗೆ ಹೋಗಿ ಮೂರು ಬೀಜ ತಂದ. ಮದುವೆಯಾಗಿ ಸ್ವಲ್ಪ ಕಾಲಕ್ಕೆ ಅತ್ತೆಯವರು ಇದನ್ನೊಂದು ತಮಾಷೆ ಎಂದು ಸೊಸೆಗೆ ಹೇಳಿದರು. ಅಕ್ಕ ನಕ್ಕಳು. ನಕ್ಕು, ಅಡುಗೆಮನೆಗೆ ಹೋಗಿ, ಅಂದು ಸಾರಿಗೆ ಹುಣಿಸೆಹಣ್ಣನ್ನೇ ಹಾಕಲಿಲ್ಲ.

ಅಂದಿನಿಂದ ಅದು ಅವಳ ಮನಸ್ಸಿನಲ್ಲಿ ಕೂತುಬಿಟ್ಟಿತು. ಹೊರಗೆ ನೋಡಿದರೆ ತಮಾಷೆಯೇ. ಯಾರಾದರೂ ನೆಂಟರು “ಅದೃಷ್ಟವಂತೆ ಕಣಮ್ಮ ನೀನು, ಒಳ್ಳೇ ಗಂಡ” ಅಂದರೆ, “ಅದೃಷ್ಟವೇ ಮತ್ತೆ, ಚೀಟೀಲಿ ಬಂದೋಳು ನಾನು” ಎನ್ನುತ್ತಿದ್ದಳು. ಆದರೆ ನಾನು ಅವಳ ತಮ್ಮ. ಅವಳ ಯಾವ ನಗುವಿನ ಅಡಿಯಲ್ಲಿ ಏನಿದೆ ಎಂದು ನನಗೆ ಗೊತ್ತಾಗುತ್ತದೆ. ಒಮ್ಮೆ ಇಬ್ಬರೇ ಇದ್ದಾಗ ಕೇಳಿದಳು: “ಬೇರೆ ಬೀಜ ಬಂದಿದ್ರೆ ಅವಳ ಜೊತೇನೂ ಹಿಂಗೇ ಇರ್ತಿದ್ರು ಅಲ್ವೇನೋ? ಅವಳಿಗೂ ಇದೇ ಥರ ಹೂವು ತಂದು, ಅವಳಿಗೂ ಜ್ವರ ಬಂದ್ರೆ ಇದೇ ಥರ ಗಂಜಿ ಕಾಯಿಸಿ...” ಎಲ್ಲದಕ್ಕೂ ಹೆದರುವ ನನಗೆ ಈ ಒಂದು ಹೆದರಿಕೆ ಎಂದೂ ಹೊಳೆದಿರಲಿಲ್ಲ.

ಭಾವನವರನ್ನೇ ಕೇಳಿದರೆ ಅವರದು ಬೇರೆಯೇ ಲೆಕ್ಕ. ಅದು ತಾವು ಹೆಂಡತಿಗೆ ಸಲ್ಲಿಸಿದ ದೊಡ್ಡ ಮರ್ಯಾದೆ ಎಂದು ಅವರು ಪ್ರಾಮಾಣಿಕವಾಗಿ ನಂಬಿದ್ದರು. “ನಾನೇ ಆರಿಸಿದ್ದಿದ್ರೆ ನನ್ನ ಬುದ್ಧಿಯ ದೋಷ ಎಲ್ಲ ಅದರಲ್ಲಿ ಸೇರ್ತಿತ್ತು. ಇದು ಶುದ್ಧವಾಗಿ ಬಂದಿದ್ದು. ನಿನ್ನ ವಿಷಯದಲ್ಲಿ ನನ್ನ ಪಕ್ಷಪಾತ ಒಂಚೂರೂ ಇಲ್ಲ ಮಾರಾಯ್ತಿ!” ಎಂದು ಅಕ್ಕನಿಗೆ ಹೆಮ್ಮೆಯಿಂದ ಹೇಳುತ್ತಿದ್ದರು. ಇದಕ್ಕಿಂತ ಬೈದಿದ್ದರೆ ವಾಸಿಯಿತ್ತು.

ಶಿವಮೊಗ್ಗದ ಅವರ ಮನೆಯ ಅಡುಗೆಯ ವಿಷಯ ಕೇಳಿ. ಬೆಳಿಗ್ಗೆ ಅಕ್ಕ “ಏನು ಹುಳಿ ಮಾಡ್ಲಿ?” ಎಂದು ಕೇಳಿದರೆ ದೊಡ್ಡ ಚೀಟಿ ತರಕಾರಿಗೆ, ಒಳಗಿನ ಸಣ್ಣ ಚೀಟಿ ಅದನ್ನು ಹೇಗೆ ಮಾಡಬೇಕೆಂಬುದಕ್ಕೆ. ನಾನು ರಜೆಗೆಂದು ಹೋಗಿದ್ದ ಒಂದು ವಾರ ಬದನೆಕಾಯಿ ಬಂತು, ಮರುದಿನ ಬದನೆಕಾಯಿ ಬಂತು, ಅದರ ಮರುದಿನವೂ ಬದನೆಕಾಯಿಯೇ ಬಂತು.

“ಭಾವ, ನಿನ್ನೆ ಮೊನ್ನೆಯೆಲ್ಲ ಇದೇ ಆಯ್ತಲ್ಲ!” ಎಂದೆ ಗೋಳಾಡುತ್ತಾ.

“ಅದು ನಿನಗೆ ನೆನಪಿದೆ. ಬೀಜಕ್ಕೆ ನಿನ್ನೆ ನೆನಪಿರಲ್ಲ. ಅದೇ ಅದರ ದೊಡ್ಡತನ.”

ದೊಡ್ಡತನವನ್ನು ಒಗ್ಗರಣೆ ಹಾಕಿ ತಿನ್ನಲಾಗುತ್ತದೆಯೇ? ಮರುದಿನ ಭಾವ ಕೋಟಿನ ಜೇಬಿಗೆ ಕೈ ಹಾಕಿದರೆ ಚೀಲ ಹಗುರವಾಗಿತ್ತು. ಒಲೆಯ ಮೇಲಿನ ಬಾಣಲೆಯಿಂದ ಘಮಘಮ ವಾಸನೆ ಬರುತ್ತಿತ್ತು. ಹುರಿದ ಹುಣಿಸೆಬೀಜವನ್ನು ನಾವು ಚಿಕ್ಕಂದಿನಲ್ಲಿ ಕಟಕಟ ಎಂದು ತಿನ್ನುತ್ತಿದ್ದೆವಲ್ಲ, ಹಾಗೆ ಅಕ್ಕ ಒಂದನ್ನು ಬಾಯಿಗೆ ಹಾಕಿಕೊಂಡು, “ನಿಮ್ಮ ತೀರ್ಮಾನ ಹದವಾಗಿ ಹುರಿದಿದೆ, ತಗೊಳ್ರಿ” ಎಂದು ತಟ್ಟೆ ಮುಂದೆ ಹಿಡಿದಳು. ಅಂದು ನಮಗೆ ಬೆಂಡೆಕಾಯಿ ಹುಳಿ. ಭಾವನವರು ಸಂಜೆ ಹೊಸ ಬೀಜಗಳಿಗೆ ಸುಣ್ಣ ಕಲಸುತ್ತಾ ಕುಳಿತಿದ್ದರು.

ನನ್ನ ಮಗಳ ಮದುವೆಯಲ್ಲಿ ಊಟದ ಪಂಕ್ತಿಯ ಮೇಲ್ವಿಚಾರಣೆಯನ್ನು ಅವರಿಗೆ ಕೊಟ್ಟದ್ದು ನನ್ನದೇ ತಪ್ಪು. ಗಂಡಿನ ಕಡೆಯವರನ್ನು ಎಲ್ಲಿ ಕೂರಿಸಿದರೂ ಕೋಪ ಬರುತ್ತದೆ ಎಂದು ನಾನು ಒಂದು ತಿಂಗಳಿಂದ ಹೆದರಿ ಹೆದರಿ ಒಣಗಿಹೋಗಿದ್ದೆ. “ನನಗೆ ಬಿಡು” ಎಂದರು ಭಾವ. ಬಿಟ್ಟೆ. ಪಂಕ್ತಿಗಳಿಗೆ ಒಂದು ಚೀಟಿ, ಪಂಕ್ತಿಯೊಳಗೆ ಎಲೆಗಳಿಗೆ ಇನ್ನೊಂದು ಚೀಟಿ! ಬೀಗರ ಕಡೆಯ ಅತಿ ಹಿರಿಯರೊಬ್ಬರು, ಜರಿ ರುಮಾಲಿನವರು, ಕೊನೆಯ ಪಂಕ್ತಿಯಲ್ಲಿ ಬಾಗಿಲ ಪಕ್ಕದ ಎಲೆಗೆ ಬಂದರು. ಒಂದು ಕಡೆ ಕೈಕಾಲು ಬಡಿಯುವ ಮಕ್ಕಳು, ಇನ್ನೊಂದು ಕಡೆ ನನ್ನ ನೆರೆಮನೆಯ, ಕಾರ್ಖಾನೆಯ ಕುಲುಮೆಯಲ್ಲಿ ಕೆಲಸ ಮಾಡುವ ತಮಿಳಿನವರು.

“ನನ್ನನ್ನ ಇಲ್ಲಿ ಕೂರಿಸಿದೋರು ಯಾರು?” ಎಂದು ರುಮಾಲು ಅಲುಗಿತು.

“ಯಾರೂ ಇಲ್ಲ ಸ್ವಾಮಿ” ಎಂದರು ಭಾವ ತಣ್ಣಗೆ.

“ಯಾರೂ ಇಲ್ಲ ಅಂದ್ರೆ?”

“ಯಾರಾದ್ರೂ ಕೂರಿಸಿದ್ರೆ ತಾನೆ ಅವಮಾನ ಆಗೋದು? ನಿಮ್ಮನ್ನ ಇಲ್ಲಿ ಯಾರೂ ಕೂರಿಸಿಲ್ಲ. ಅಲ್ಲಿ ಮೊದಲ ಎಲೇಲಿ ಕೂತಿದಾನಲ್ಲ, ಅವನು ನಮ್ಮ ಮನೆ ಗಾಡಿ ಹೊಡೆಯೋನು. ಅವನನ್ನೂ ಯಾರೂ ಕೂರಿಸಿಲ್ಲ.”

ಹಿರಿಯರು ಬಾಯಿ ತೆರೆದರು. ಕೋಪಿಸಿಕೊಳ್ಳಲು ಒಬ್ಬ ಮನುಷ್ಯ ಬೇಕು. ಹುಣಿಸೆಬೀಜದ ಮೇಲೆ ಯಾರಾದರೂ ಎಷ್ಟು ಹೊತ್ತು ಕೋಪಿಸಿಕೊಂಡಾರು? ತೆರೆದ ಬಾಯಿಗೆ ಅವರು ಹೋಳಿಗೆಯನ್ನೇ ಹಾಕಿಕೊಂಡರು. ಊಟ ಮುಗಿಯುವ ಹೊತ್ತಿಗೆ ಅವರೂ ನನ್ನ ನೆರೆಯವರೂ ಮಂಡಿನೋವಿನ ಎಣ್ಣೆಯ ವಿಷಯ ಮಾತಾಡುತ್ತಾ ಎಷ್ಟು ಸ್ನೇಹಿತರಾಗಿದ್ದರೆಂದರೆ, ಕೈ ತೊಳೆಯಲು ಒಬ್ಬರ ಹೆಗಲಿಗೆ ಒಬ್ಬರು ಆನಿಕೊಂಡು ಎದ್ದರು. ಕೋಪಗೊಂಡವನು ನಾನೊಬ್ಬನೇ. ಒಂದು ತಿಂಗಳು ಪಟ್ಟ ಹೆದರಿಕೆಯೆಲ್ಲ ದಂಡವಾಯಿತಲ್ಲ!

ಆ ದಿನದಿಂದ ನಾನು ಭಾವನವರ ಸಿದ್ಧಾಂತದ ಬಗ್ಗೆ ಸ್ವಲ್ಪ ಗಂಭೀರವಾಗಿಯೇ ಯೋಚಿಸಿದ್ದೇನೆ. ನನ್ನಂಥ ಹೆದರುಪುಕ್ಕನಿಗೆ ಪ್ರಪಂಚದಲ್ಲಿ ನಡೆಯುವುದೆಲ್ಲ ತನ್ನನ್ನೇ ಹುಡುಕಿಕೊಂಡು ಬರುತ್ತದೆ ಎಂಬ ಭಾವನೆ. ಬಸ್ಸು ಕೆಟ್ಟರೆ ನಾನು ಕೂತ ಬಸ್ಸೇ ಕೆಡಬೇಕು, ಹೆಂಚು ಬಿದ್ದರೆ ನನ್ನ ತಲೆಯ ಮೇಲೇ ಬೀಳಬೇಕು. ಇದೂ ಒಂದು ಅಹಂಕಾರವೇ ಅಲ್ಲವೇ? ಭಾವನವರಿಗೆ ಆ ಹೆದರಿಕೆ ಇಲ್ಲ. ಅವರ ಲೋಕದಲ್ಲಿ ಯಾರನ್ನೂ ಯಾವುದೂ ಹುಡುಕಿಕೊಂಡು ಬರುವುದಿಲ್ಲ. ಬೀಜ ಎಲ್ಲಿ ಬಿದ್ದಿತೋ ಅಲ್ಲಿ. ಒಮ್ಮೆ ಇಲಾಖೆಯಿಂದ ಅವರಿಗೆ ಒಂದು ಪುಸ್ತಕ ಬಂದಿತ್ತು. ಮೊದಲ ಪುಟದಿಂದ ಕೊನೆಯ ಪುಟದವರೆಗೆ ಬರೀ ಅಂಕಿಗಳು. ಹಿಂದಿಲ್ಲ, ಮುಂದಿಲ್ಲ, ಒಂದಕ್ಕೊಂದು ಸಂಬಂಧವಿಲ್ಲ. ಬೀಜದ ಬದಲು ಅದನ್ನು ನೋಡಿ ಮಡಿಗಳನ್ನು ಹಂಚಬೇಕಂತೆ. ಭಾವನವರು ಅದನ್ನು ಜಗುಲಿಯ ಮೇಲೆ ಕೂತು ಓದುತ್ತಿದ್ದರು. “ಏನಿದೆ ಭಾವ ಅದರಲ್ಲಿ?” ಎಂದು ನಾನು ದಿಗಿಲಿನಿಂದ ಕೇಳಿದೆ. “ಏನೂ ಇಲ್ಲ. ಅದೇ ಇದರ ಹೆಚ್ಚುಗಾರಿಕೆ” ಎಂದು ಪುಟ ತಿರುಗಿಸಿದರು. ಮುಖದಲ್ಲಿ ಎಂಥ ಶಾಂತಿ! ನನಗೆ ಆ ಶಾಂತಿಯ ಮೇಲೆ ಹೊಟ್ಟೆಕಿಚ್ಚು. ಆದರೆ ಅದೇ ಶಾಂತಿಯ ಎದುರು ದಿನವೂ ತಟ್ಟೆಯಿಟ್ಟು ಬಡಿಸುವವಳಿಗೆ ಏನನ್ನಿಸುತ್ತದೆ? ಎಲ್ಲರನ್ನೂ ಒಂದೇ ಸಮ ನೋಡುವ ಮನುಷ್ಯ ಊರಿಗೆ ದೇವರು, ಹೆಂಡತಿಗೆ ಬರೀ ಊರಿನವನು.

ಹೋದ ವರ್ಷ ಗೌರಿಹಬ್ಬದ ಮುಂಚೆ ಅಕ್ಕ ಹಟ ಹಿಡಿದಳು. “ನಂಗೆ ರೇಷ್ಮೆ ಬೇಡ, ಜರಿ ಬೇಡ. ನೂಲಿನ ಸೀರೆ ಸಾಕು. ಆದ್ರೆ ನೀವೇ ಕಣ್ಣಾರೆ ನೋಡಿ, ಇದು ನಿಂಗೆ ಚೆನ್ನಾಗಿರುತ್ತೆ ಅಂತ ಹೇಳಿ ತೆಗೆದುಕೊಡ್ಬೇಕು. ಚೀಲ ಮನೇಲೇ ಬಿಟ್ಟು ಬನ್ನಿ.” ನಾನೂ ಜೊತೆಗಿದ್ದೆ. ಗಾಂಧಿ ಬಜಾರಿನ ಅಂಗಡಿಯ ಸಾಹೇಬರು ಸೀರೆಗಳನ್ನು ಬಿಚ್ಚಿ ಬಿಚ್ಚಿ ಗುಡ್ಡೆ ಹಾಕಿದರು. ಭಾವ ಒಂದನ್ನು ಮುಟ್ಟಿದರು, ಬಿಟ್ಟರು. ಇನ್ನೊಂದನ್ನು ಎತ್ತಿದರು, ಅಕ್ಕನ ಮುಖ ನೋಡಿದರು, ಇಟ್ಟರು. ಹಣೆಯ ಮೇಲೆ ಬೆವರು. ಪರೀಕ್ಷೆಗೆ ಕೂತ ಹುಡುಗನೂ ಅಷ್ಟು ಬೆವರುವುದಿಲ್ಲ.

“ಅರೆ ಸಾಬ್, ಇಷ್ಟು ಯೋಚ್ನೆ ಯಾಕೆ? ಅಮ್ಮಾವ್ರಿಗೆ ಯಾವ್ದಾದ್ರೂ ಖೂಬ್‌ಸೂರತ್ತೇ!” ಎಂದರು ಸಾಹೇಬರು.

“ಅದೇ ಕಷ್ಟ ಆಗಿರೋದು” ಎಂದರು ಭಾವ. “ಯಾವ್ದಾದ್ರೂ ಆಗುತ್ತೆ. ಒಂದನ್ನ ತಗೊಂಡ್ರೆ ಮಿಕ್ಕಿದ್ದಕ್ಕೆಲ್ಲ ಅನ್ಯಾಯ.”

ಅವರ ಕೈ ಮೆಲ್ಲಗೆ ಕೋಟಿನ ಜೇಬಿಗೆ ಹೋಯಿತು. ಚೀಲವಿರಲಿಲ್ಲ, ನಿಜ. ಆದರೆ ಕೈ ಹೋದದ್ದನ್ನು ಅಕ್ಕ ನೋಡಿದಳು. ಸೀರೆಯನ್ನು ತಾನೇ ಮಡಿಸಿ ಗುಡ್ಡೆಯ ಮೇಲಿಟ್ಟು, “ಬೇಡ ಬಿಡಿ ಸಾಹೇಬ್ರೆ, ಮುಂದಿನ್ಸಲ ನೋಡಣ” ಎಂದು ಎದ್ದಳು. ಮನೆಯ ಬಾಗಿಲಲ್ಲಿ ನನಗೆ ಮಾತ್ರ ಕೇಳುವ ಹಾಗೆ ಹೇಳಿದಳು: “ನನ್ನನ್ನ ಅಂದು ಆರಿಸ್ಲಿಲ್ಲ ಅಂತ ಅಲ್ವೋ. ಇಷ್ಟು ವರ್ಷ ಆದ್ಮೇಲೂ, ಆರಿಸು ಅಂದ್ರೆ ಆಗಲ್ಲವಲ್ಲ, ಅದು.”

ಇಷ್ಟೆಲ್ಲ ಆದ ಮೇಲೆ ಭೂಮಿಹುಣ್ಣಿಮೆ ಬಂತು. ಆ ವರ್ಷ ಭಾವನವರ ಪ್ರಯೋಗ ಹೊಳೆಹೊನ್ನೂರಿನ ಪಟೇಲರೊಬ್ಬರ ಗದ್ದೆಯಲ್ಲಿತ್ತು. ಪಟೇಲರ ತಾಯಿ, ಹಲ್ಲಿಲ್ಲದಿದ್ದರೂ ಮಾತಿಗೆ ಹರಿತವಿದ್ದ ಅಜ್ಜಿ, ಹಬ್ಬಕ್ಕೆ ಮನೆಯವರನ್ನು ಕರೆದುಕೊಂಡೇ ಬರಬೇಕೆಂದು ಹೇಳಿ ಕಳಿಸಿದ್ದರು. ಅಕ್ಕ ಎಂದೂ ಗದ್ದೆಗೆ ಹೋದವಳಲ್ಲ. ಈ ಸಲ ಹೊರಟಳು. “ನೋಡೇಬಿಡ್ತೀನಿ ಮಾರಾಯ, ಆ ಮಡಿಗಳು ಹೆಂಗಿದಾವೆ ಅಂತ” ಎಂದು ಭದ್ರಾವತಿಗೆ ಬಂದು, ನನ್ನನ್ನೂ ಎಬ್ಬಿಸಿಕೊಂಡು ಬಸ್ಸು ಹತ್ತಿದಳು. ಅವಳ ದನಿಯಲ್ಲಿದ್ದುದು ಸವತಿಯನ್ನು ನೋಡಲು ಹೊರಟವಳ ಗತ್ತು.

ಭೂಮಿಹುಣ್ಣಿಮೆಯೆಂದರೆ ನಮ್ಮ ಕಡೆ ಭೂಮಿತಾಯಿಯ ಸೀಮಂತ. ಪೈರು ಹೊಡೆ ತುಂಬಿ ತೆನೆ ಹೊರಬರುವ ಕಾಲ. ಗದ್ದೆಗೆ ಪೂಜೆ ಮಾಡಿ, ಸೊಪ್ಪು ತರಕಾರಿ ಎಲ್ಲ ಸೇರಿಸಿ ಬೇಯಿಸಿದ ಅಡುಗೆಯನ್ನು ಚರಗವೆಂದು ಗದ್ದೆಯ ತುಂಬ ಎರಚುತ್ತಾರೆ. ಬಸುರಿಗೆ ಬಯಕೆಯೂಟ! ಅಜ್ಜಿ ತಮ್ಮ ಗದ್ದೆಗಳಿಗೆಲ್ಲ ಬೆಳಗಾಗುವ ಮೊದಲೇ ಚರಗ ಚೆಲ್ಲಿ ಮುಗಿಸಿದ್ದರು. ಪ್ರಯೋಗದ ಗದ್ದೆಯೊಂದು ಮಾತ್ರ ಇಲಾಖೆಯ ಅಪ್ಪಣೆಗೆ ಕಾಯುತ್ತಿತ್ತು. ಯಾಕೆಂದರೆ ಭಾವನವರ ಲೆಕ್ಕದಲ್ಲಿ ಸೊಪ್ಪು ಬೇಯಿಸಿ ಹಾಕಿದರೂ ಅದು ಗೊಬ್ಬರವೇ!

ನಾವು ಹೋದಾಗ, ಮೊದಲೇ ಬಂದಿದ್ದ ಭಾವನವರಿಗೂ ಅಜ್ಜಿಗೂ ಬದುವಿನ ಮೇಲೆ ವಾಗ್ವಾದ ನಡೆಯುತ್ತಿತ್ತು. ಭಾವನವರ ಕೈಯಲ್ಲಿ ಅಕ್ಕಿ ಅಳೆಯುವ ಒಂದು ಪಾವು.

“ಒಂದೊಂದು ಮಡಿಗೆ ಒಂದೊಂದು ಪಾವು, ತಲೆ ಸವರಿ. ಹೆಚ್ಚಿಲ್ಲ ಕಮ್ಮಿಯಿಲ್ಲ.”

“ಭೂಮ್ತಾಯಿಗೆ ಅಳೆದು ಬಡಿಸ್ತಾರೇನಪ್ಪ? ಇದೇನು ರೇಷನ್ ಅಂಗಡಿಯಾ?” ಅಜ್ಜಿ ಸೊಂಟಕ್ಕೆ ಕೈ ಕೊಟ್ಟು ನಿಂತಿದ್ದರು. “ಅದೂ ಹೋಗ್ಲಿ, ಆ ಮೂಲೆ ಮಡಿ ನೋಡು. ನಾಟಿ ಆದಾಗಿಂದ ಅದಕ್ಕೆ ಒಂದು ಹಿಡಿ ಗೊಬ್ರ ಇಲ್ಲ. ಬಡಕಲಾಗಿ ನಿಂತದೆ. ಬಸುರೀನ ಉಪವಾಸ ಕೆಡವ್ತಾರಾ? ಅದಕ್ಕೆ ನಾಕು ಪಾವು ಹಾಕ್ತೀನಿ ನಾನು!”

“ಅಜ್ಜಿ, ಅದಕ್ಕೆ ಏನೂ ಹಾಕ್ದೆ ಇದ್ರೇನೇ ಮಿಕ್ಕಿದ್ದು ಎಷ್ಟು ಬಂತು ಅಂತ ಗೊತ್ತಾಗೋದು.”

“ಗೊತ್ತಾಗಕ್ಕೆ ಒಬ್ಬರನ್ನ ಹಸಿದಿರಿಸ್ಬೇಕಾ?”

ಭಾವನವರು ಪಾವನ್ನು ಕೆಳಗಿಳಿಸಿ ಆ ಮೂಲೆಯ ಕಡೆ ತಿರುಗಿದರು. ನನಗೆ ಅದೇ ಆಶ್ಚರ್ಯವಾಯಿತು. ಆ ಬಡಕಲು ಮಡಿಯನ್ನು ಅವರು ನೋಡಿದ ರೀತಿ ನೋಡಿದರೆ, ಈ ಪ್ರಶ್ನೆಯನ್ನು ಅವರೇ ತಮಗೆ ಎಷ್ಟೋ ಸಲ ಹಾಕಿಕೊಂಡಿದ್ದರೆಂದು ಕಾಣುತ್ತದೆ. ಕೊನೆಗೆ ಪಾವಿನ ಲೆಕ್ಕವೇ ಗೆದ್ದಿತು. ಆದರೆ ಯಾವ ಮಡಿಗೆ ಮೊದಲು? ಕೈ ಜೇಬಿಗೆ ಹೋಯಿತು. ಚೀಲ ಹೊರಗೆ ಬಂತು.

“ಅಯ್ಯೋ ಶಿವನೇ! ಮನೇಲಿ ಇವಳ ಕೂಡೆ ಸಂಸಾರಾನೂ ಹಿಂಗೇ ಮಾಡ್ತಿಯೇನಪ್ಪ?” ಎಂದರು ಅಜ್ಜಿ.

“ನನ್ನನ್ನ ತಂದಿದ್ದೇ ಹಿಂಗೆ ಅಜ್ಜಿ” ಎಂದಳು ಅಕ್ಕ.

ಎಲ್ಲರೂ ನಕ್ಕರು. ಅಕ್ಕನೂ ನಕ್ಕಳು. ಭಾವನವರೂ ನಕ್ಕರು. ನಾನು ನಗುವ ಸ್ಥಿತಿಯಲ್ಲಿರಲಿಲ್ಲ. ಬದುವಿನ ಎರಡೂ ಕಡೆ ಹಾವು ಹುಡುಕುತ್ತಿದ್ದೆ.

ಚರಗ ಶುರುವಾಯಿತು. ಭಾವನವರದು ಒಂದೇ ಎಚ್ಚರಿಕೆ: ಬದುವಿನಿಂದಲೇ ಎರಚಬೇಕು, ಮಡಿಯೊಳಗೆ ಯಾರೂ ಕಾಲಿಡಬಾರದು. ತೆನೆ ಬರುವ ಹೊತ್ತು. ಒಂದು ಬುಡ ಮುರಿದರೂ ಆ ಮಡಿಯ ಲೆಕ್ಕ ಕೆಟ್ಟಿತು. ಹಿಂದಿನ ತಿಂಗಳು ಮೇಲಧಿಕಾರಿಯೊಬ್ಬರು ಬಂದು ಹತ್ತಿರದ ದಾರಿಯೆಂದು ಪೈರಿನೊಳಗೆ ಬೂಟುಗಾಲು ಇಡಲು ಹೋದಾಗ, ಅವರನ್ನೂ ರಟ್ಟೆ ಹಿಡಿದು ನಿಲ್ಲಿಸಿ ಇಡೀ ಗದ್ದೆ ಸುತ್ತಿಸಿದ್ದರಂತೆ. ಪಟೇಲರು ಅದನ್ನು ನನಗೆ ಪಿಸುಮಾತಿನಲ್ಲಿ ಹೇಳಿ, “ವರ್ಗ ಆಗದೆ ಉಳಿದಿದ್ದು ನಮ್ಮ ಪುಣ್ಯ” ಎಂದರು. ಅವರೂ ನಾನೂ ಆ ದಿನ ಹಗ್ಗದ ಮೇಲೆ ನಡೆಯುವವರ ಹಾಗೆ ಒಂದರ ಮುಂದೊಂದು ಕಾಲಿಡುತ್ತಿದ್ದೆವು.

ಬೀಜ ಹೇಳಿದ ಮಡಿಗೆ ಅಜ್ಜಿ ಒಂದು ಪಾವು, ಬೀಜ ಹೇಳಿದ ಮಡಿಗೆ ಅಕ್ಕ ಒಂದು ಪಾವು. ಬೆಳಗಿನ ಬಿಸಿಲಿಗೆ ಪೈರಿನ ಮೇಲಿನ ಇಬ್ಬನಿ ಇನ್ನೂ ಆರಿರಲಿಲ್ಲ. ಅಜ್ಜಿ ಏನೋ ಗುನುಗುತ್ತಾ ಎರಚುತ್ತಿದ್ದರು. ಅಕ್ಕ ಮೊದಮೊದಲು ಗತ್ತಿನಿಂದಲೇ ಇದ್ದಳು, ಬರಬರುತ್ತಾ ಅವಳ ಕೈ ಮೆತ್ತಗಾಯಿತು. ಹೊಡೆ ತುಂಬಿದ ಪೈರಿನ ಒಂದು ತೆಂಡೆಯನ್ನು ಬಗ್ಗಿ ಸವರಿ, “ಎಷ್ಟು ಅಂದವಾಗಿ ಮಾಡಿದಾರೆ” ಎಂದಳು, ಯಾರಿಗೂ ಹೇಳದ ಹಾಗೆ. ಕೊನೆಯ ಮಡಿ ಕಾಲುವೆಯ ಪಕ್ಕದ್ದು. ಅಕ್ಕ ಆ ಕಡೆಯ ಬದುವಿನ ಮೇಲೆ ಖಾಲಿ ಬುಟ್ಟಿ ಹಿಡಿದು ನಿಂತಿದ್ದಳು. ಭಾವನವರು ಈ ಕಡೆಯ ಬದುವಿನ ಮೇಲೆ ಪಾವಿನ ತಲೆ ಸವರುತ್ತಿದ್ದರು. ನಡುವೆ ಮಡಿಯ ತುಂಬ ಪೈರು.

ಅಕ್ಕನ ಕಾಲಡಿಯ ಹಸಿಮಣ್ಣು ಒಂದು ಹಿಡಿಯಷ್ಟು ಕುಸಿಯಿತು. ಅಷ್ಟೇ. ಅವಳು “ಅಯ್ಯೋ!” ಎಂದು ಒಮ್ಮೆ ಕೂಗಿ, ವಾಲಿ, ಸಾವರಿಸಿಕೊಂಡು, ಬದುವಿನ ಮೇಲೇ ದೊಪ್ಪನೆ ಕುಳಿತಳು. ಬೀಳಲಿಲ್ಲ. ನೋವಾಗಲಿಲ್ಲ. ಸೀರೆಯ ಅಂಚು ಕೂಡ ನೆನೆಯಲಿಲ್ಲ. ನಾನು “ಅಕ್ಕಾ” ಎಂದು ಬಾಯಿ ತೆರೆಯುವುದರೊಳಗೆ ಅದು ಮುಗಿದುಹೋಗಿತ್ತು.

ಆದರೆ ಭಾವನವರು ಅಷ್ಟರೊಳಗೆ ಅಲ್ಲಿದ್ದರು! ಒಂದು ಕೈಯಲ್ಲಿ ಪಾವು ಹಾಗೇ ಇತ್ತು, ಇನ್ನೊಂದು ಕೈ ಅಕ್ಕನ ತೋಳನ್ನು ಬಿಗಿಯಾಗಿ ಹಿಡಿದಿತ್ತು. ಪಂಚೆ ಮೊಣಕಾಲಿನವರೆಗೆ ಕೆಸರು. ಉಸಿರು ಮೇಲೆ ಕೆಳಗೆ ಆಗುತ್ತಿತ್ತು.

“ಏನಾಯ್ತೇ? ಏನಾಯ್ತು? ಕಾಲು ಉಳುಕ್ತಾ?”

“ಏನೂ ಆಗಿಲ್ಲ ರೀ. ಕೂತ್ಕೊಂಡೆ.”

“ನಿಜವಾಗ್ಲೂ?”

“ನಿಜವಾಗ್ಲೂ.”

ಅವರಿಗೆ ಉಸಿರು ಬಂತು. ಉಸಿರು ಬಂದದ್ದೇ ತಡ, ಇಲಾಖೆಯೂ ಬಂತು. ಹಿಂತಿರುಗಿ ನೋಡಿದವರೇ ಮುಖ ಕೆಂಪಗೆ ಮಾಡಿಕೊಂಡು ಗುಡುಗಿದರು: “ಯಾರದು? ಮಡಿ ಒಳಗೆ ನುಗ್ಗಿದ್ದು ಯಾರು?”

ಪಟೇಲರು ಆಕಾಶ ನೋಡಿದರು. ಅಜ್ಜಿ ಸೆರಗಿನಿಂದ ಬಾಯಿ ಮುಚ್ಚಿಕೊಂಡರು.

“ನೀವೇ” ಎಂದಳು ಅಕ್ಕ.

ಭಾವ ಪೈರನ್ನು ನೋಡಿದರು. ತಮ್ಮ ಕಾಲನ್ನು ನೋಡಿದರು. ಮತ್ತೆ ಪೈರನ್ನು ನೋಡಿದರು. ಕಟ್ಟುನಿಟ್ಟಾಗಿ ಲೆಕ್ಕ ಹಾಕಿ ಬದುಕಿದ ಮನುಷ್ಯನೊಬ್ಬ ತನ್ನದೇ ಹೆಜ್ಜೆಗಳನ್ನು ಗುರುತು ಹಿಡಿಯಲಾರದೆ ನಿಲ್ಲುವುದನ್ನು ನಾನು ಅದೇ ಮೊದಲು ನೋಡಿದ್ದು.

“ಸುತ್ತಿ ಬಂದಿದ್ರೆ ಎಷ್ಟು ದೂರ ಆಗ್ತಿತ್ತಪ್ಪ?” ಎಂದರು ಅಜ್ಜಿ, ಸೆರಗಿನ ಮರೆಯಿಂದ.

“ಗೊತ್ತಿಲ್ಲ ಅಜ್ಜಿ” ಎಂದರು ಭಾವ. “ಸುತ್ತಬೇಕು ಅಂತಲೇ ಹೊಳೀಲಿಲ್ಲ.”

ನಾನು ಆಗಲೇ ಮುಂದಿನದನ್ನೆಲ್ಲ ಯೋಚಿಸಿ ಮುಗಿಸಿದ್ದೆ. ಲೆಕ್ಕ ಕೆಟ್ಟಿತು, ಅಧಿಕಾರಿ ಕೇಳುತ್ತಾನೆ, ಕಾರಣ ಬರೆಯಬೇಕು, ಬರೆದರೆ ವರ್ಗ! ನಾನು ಬಗ್ಗಿ, ಬದುವಿನ ಪಕ್ಕದ ಮಲಗಿದ ಒಂದು ಬುಡವನ್ನು ಎತ್ತಿ ನಿಲ್ಲಿಸಲು ಹೋದೆ. ಪಕ್ಕದ ಬುಡಕ್ಕೆ ಒರಗಿಸಿದರೆ ಯಾರಿಗೂ ಗೊತ್ತಾಗುವುದಿಲ್ಲ ಎಂದು ನನ್ನ ಅಂದಾಜು.

“ಮುಟ್ಟಬೇಡ ಕಣೋ” ಎಂದಳು ಅಕ್ಕ.

“ಅಲ್ಲಕ್ಕ, ಭಾವನ ಲೆಕ್ಕ...”

“ಹಂಗೇ ಇರ್ಲಿ, ಬಿಡು.”

ಅವಳು ಇನ್ನೂ ಎದ್ದಿರಲಿಲ್ಲ. ಭಾವನವರೂ ಅವಳ ತೋಳು ಬಿಟ್ಟಿರಲಿಲ್ಲ. ಬಿಡಬೇಕೆಂಬುದೂ ಅವರಿಗೆ ಹೊಳೆದಂತಿರಲಿಲ್ಲ. ಅಕ್ಕ ಮಲಗಿದ ಪೈರನ್ನು ನೋಡುತ್ತಲೇ ಇದ್ದಳು. ಸೀರೆಯಂಗಡಿಯ ಸಾಹೇಬರು ಎಷ್ಟು ಬಿಚ್ಚಿ ತೋರಿಸಿದ್ದರೂ ಯಾವ ಸೀರೆಯನ್ನೂ ಅವಳು ಹಾಗೆ ನೋಡಿರಲಿಲ್ಲ.

ಆ ದಿನ ಕೆಟ್ಟದ್ದು ಇಷ್ಟೇ: ಒಂದು ಸಣ್ಣ ಮಡಿಯಲ್ಲಿ, ಈ ಬದುವಿನಿಂದ ಆ ಬದುವಿಗೆ, ನೆಟ್ಟಗೆ, ಒಬ್ಬ ಮನುಷ್ಯ ಓಡುವಷ್ಟು ಅಗಲಕ್ಕೆ ಭತ್ತ ಮಲಗಿತ್ತು.